ಹುಕ್ ಇಲ್ಲದ ಗೌನು

ವನಜಾಕ್ಷಿ ಹೊಲಿದ ಬಟ್ಟೆ ತೊಟ್ಟರೆ ಕಲ್ಲಿನ ವಿಗ್ರಹವೂ ಕನ್ನಡಿ ಕೇಳುತ್ತಿತ್ತು. ಹಾಗೆಂದು ಬೀದಿಗೆಲ್ಲ ಹೇಳಿಕೊಂಡು ಬಂದವಳೂ ವನಜಾಕ್ಷಿಯೇ. ಹೊಲಿಗೆ ಯಂತ್ರ ತಂದು ಎರಡು ತಿಂಗಳಾದ ಮೇಲೆ ಮೊದಲ ಗಿರಾಕಿಯಾಗಿ ಎದುರುಮನೆಯ ಸುಧಾಮಣಿ ಬಂದರು.

"ಮೊದಲು ನನ್ನ ಮಗಳ ಬೊಂಬೆಗೊಂದು ಗೌನು ಹೊಲೀರಿ. ಚೆನ್ನಾಗಿದ್ರೆ ನನ್ನ ರೇಷ್ಮೆ ರವಿಕೇನೂ ನಿಮಗೇ ಕೊಡ್ತೀನಿ."

ಹಳೆಯ ಕ್ಯಾಲೆಂಡರಿನ ಹಾಳೆಯ ಮೇಲೆ ವನಜಾಕ್ಷಿ ತಾನೇ ಅಳತೆ ಬರೆದು ಕತ್ತರಿಸಿದಳು. ಸಂಜೆ ತಾಯಿ, ಮಗಳು ಬರುವಷ್ಟರಲ್ಲಿ ಉದ್ದ ಕಾಲಿನ ಆ ಫ್ಯಾಷನ್ ಬೊಂಬೆ ಗೌನು ತೊಟ್ಟು ಯಂತ್ರದ ಮೇಲೆ ನಿಂತಿತ್ತು. ಕೊರಳಪಟ್ಟಿಯಲ್ಲಿ ಒಂದೂ ಸುಕ್ಕಿಲ್ಲ.

ಮಗಳು ಮಿಂಚು ಬೊಂಬೆಯನ್ನು ತಿರುಗಿಸಿ ನೋಡಿದಳು. "ಹುಕ್ ಎಲ್ಲಿ ಆಂಟಿ?"

"ಹುಕ್ಕು, ಗುಂಡಿ ಎಲ್ಲ ಕೆಲಸ ಬರದವರಿಗೆ ಕಣೇ. ಈ ಹೊಲಿಗೆ ನೋಡೋಕೆ ಪ್ಯಾರಿಸ್ಸಿಂದ ಮೂರು ವಿಮಾನ ಬರ್ತವೆ."

ಸುಧಾಮಣಿ ಮೆಚ್ಚಿ, ಚೀಲದಿಂದ ರೇಷ್ಮೆ ಬಟ್ಟೆ ಹೊರತೆಗೆದರು.

"ಮತ್ತೆ ಬಿಚ್ಚೋದು ಹೇಗೆ?" ಮಿಂಚು ಬಿಡಲಿಲ್ಲ.

"ಇಂಥಾ ಗೌನು ಬಿಚ್ಚೋಕೆ ಯಾರಿಗಾದ್ರೂ ಮನಸ್ಸು ಬರುತ್ತೇನೇ?"

"ಇವಳಿಗೆ ದಿನಾ ಸ್ನಾನ ಇದೆ," ಎಂದು ಮಿಂಚು ಗೌನನ್ನು ಮೇಲಕ್ಕೆಳೆದಳು. ಟಪ್ಪೆಂದು ಬೊಂಬೆಯ ತಲೆ ಕಳಚಿ ವನಜಾಕ್ಷಿಯ ಮಡಿಲಿಗೆ ಬಿತ್ತು.

ಸುಧಾಮಣಿ ರೇಷ್ಮೆಯನ್ನು ಮಡಚಿ ಮತ್ತೆ ಚೀಲಕ್ಕೆ ಹಾಕಿಕೊಂಡರು. "ನನಗೂ ಹೀಗೇ ತೊಡಿಸ್ತೀರೇನ್ರೀ?"

ವನಜಾಕ್ಷಿ ಮಡಿಲಲ್ಲಿದ್ದ ತಲೆಯ ಕೂದಲು ಸವರುತ್ತ ಮೆಲ್ಲಗೆ ಹೇಳಿದಳು: "ಬೆನ್ನಿಗೆ ಸೀಳು ಬಿಡೋದು ಮರೆತುಹೋಯ್ತು ಕಣ್ರೀ. ತಲೆ ಕಿತ್ತೇ ಗೌನು ಹಾಕಿದ್ದು."