ಮೂರು ಒಳ್ಳೆಯ ಪದಗಳು

ಮಗನಿಗೆ ಹೆಣ್ಣು ಹುಡುಕಲು ಇಂಗ್ಲಿಷ್ ಪತ್ರಿಕೆಗೆ ಜಾಹೀರಾತು ಕೊಡಬೇಕಿತ್ತು. ಶ್ರೀಕಂಠಯ್ಯನವರು ಯಾರದೋ ಹಳೆಯ ಲಗ್ನಪತ್ರಿಕೆಯ ಬೆನ್ನ ಮೇಲೆ ಬರೆಯಲು ಕುಳಿತರು. ಒಳ್ಳೆಯ ಕಾಗದವನ್ನು ಸುಮ್ಮನೆ ಯಾಕೆ ದಂಡ ಮಾಡಬೇಕು?

“ಇವನ ಗುಣ ಏನಂತ ಬರೆಯೋದೇ? ಟೂತ್‌ಪೇಸ್ಟ್ ಟ್ಯೂಬನ್ನೂ ಕತ್ತರಿಸಿ ಕೆರೆಯೋ ಜಿಪುಣ. ‘ಸ್ಟಿಂಜಿ’ ಅಂದ್ರೆ ಯಾರು ಹೆಣ್ಣು ಕೊಡ್ತಾರೆ?”

“‘ಥ್ರಿಫ್ಟಿ’ ಅಂತ ಬರೀರಿ,” ಎಂದರು ಸೊಪ್ಪು ಬಿಡಿಸುತ್ತಿದ್ದ ಹೆಂಡತಿ, ತಲೆ ಎತ್ತದೆ.

“ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋನು. ‘ಸ್ಟಬರ್ನ್’ ಅನ್ಲೇನು?”

“ಬೇಡ. ‘ಫರ್ಮ್’ ಅನ್ನಿ.”

“ಅಬ್ಬಾ! ಸರಿ, ಕೂತರೆ ಏಳಲ್ಲ, ಒಂದು ಲೋಟ ನೀರೂ ತಾನಾಗಿ ತಗೊಳ್ಳಲ್ಲ. ಇದಕ್ಕೆ ‘ಲೇಜಿ’ ಬಿಟ್ಟು ಬೇರೆ ಏನಿದೆ ಹೇಳು ನೋಡೋಣ? ಲೇ, ಈ ಪೆನ್ನು ಬರೀತಿಲ್ಲ, ಒಳಗಿಂದ ಇನ್ನೊಂದು ತಾ.”

ಹೆಂಡತಿ ಎದ್ದು ಹೋಗಿ ಪೆನ್ನು ತಂದುಕೊಟ್ಟರು. “‘ಈಸಿಗೋಯಿಂಗ್’ ಅಂತ ಹಾಕಿ. ಕೇಳೋಕೂ ಚೆನ್ನಾಗಿರುತ್ತೆ.”

ಬರೆದದ್ದನ್ನು ಓದಿಕೊಂಡ ಶ್ರೀಕಂಠಯ್ಯನವರಿಗೆ ನಗು ತಡೆಯಲಾಗಲಿಲ್ಲ. “ಪಾಪ, ಯಾವಳೋ ಇದನ್ನ ನಂಬಿ ಮದುವೆ ಆಗ್ಬಿಟ್ರೆ ಅವಳ ಗತಿ ಏನೇ?”

“ಏನಾಗುತ್ತೆ? ಹೇಗೋ ಏಗ್ತಾಳೆ.”

“ಅದಿರ್ಲಿ, ಕನ್ನಡ ಮೀಡಿಯಂನಲ್ಲಿ ಓದಿದೋಳು ನೀನು. ಇಂಥ ಇಂಗ್ಲಿಷ್ ಪದ ಎಲ್ಲ ಎಲ್ಲಿ ಕಲಿತೆ?”

ಹೆಂಡತಿ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಅಡುಗೆಮನೆಯತ್ತ ನಡೆದರು.

“ನಿಮಗೆ ಹೆಣ್ಣು ಬೇಕು ಅಂತ ಮಾವನವರು ಕೊಟ್ಟಿದ್ದ ಜಾಹೀರಾತಲ್ಲಿ ಇದ್ದದ್ದೂ ಈ ಮೂರೇ ಪದ ಕಣ್ರೀ.”