ಹೆಣ್ಣಿನ ಕಡೆಯವರು

“ಅಡವಿ ಬಸವಣ್ಣನಿಗೆ ಇಷ್ಟೊಂದು ಹೋಳಿಗೆ ಯಾತಕ್ಕೆ?”

ಮಂಗಳ ಯಾರನ್ನೂ ಕೇಳಲಿಲ್ಲ. ಹೊಳೆದಂಡೆಯ ಮೇಲೆ ಮುಂದೆ ಸಾಗುತ್ತಿದ್ದ ಬುತ್ತಿಗಂಟುಗಳನ್ನು ನೋಡಿ ಗಾಳಿಗೆ ಕೇಳಿದಳು. ಚಿಕ್ಕಮ್ಮ ಕಸ್ತೂರಮ್ಮ ಸೆರಗು ಸರಿಮಾಡಿಕೊಂಡು ಬಿರಬಿರನೆ ಮುಂದೆ ನಡೆದಳು. ಉತ್ತರ ಅದೇ ಇರಬೇಕು.

ಯುಗಾದಿ ಕಳೆದ ಸೋಮವಾರ ಹೊನ್ನಾಳಿಯ ಅವಳ ಕೇರಿಯವರೆಲ್ಲ ಹೊಳೆಗುಂಟ ನಡೆದು, ಕಾಡು ಹೊಕ್ಕು, ಬಸವಣ್ಣನ ಗುಡಿ ಮುಂದೆ ಉಂಡು ಬರುವುದು ವಾಡಿಕೆ. ಈ ಸಲ ಜಗಳೂರಿನ ಬಸ್ಸಿನಿಂದಿಳಿದ ಇಬ್ಬರು ಹೊಸಬರು ಜೊತೆಯಾಗಿದ್ದರು. ಜವಳಿ ಅಂಗಡಿಯ ಜಯದೇವಪ್ಪ ಮತ್ತು ಅವರ ಅಕ್ಕನ ಮಗ ಹಾಲಸ್ವಾಮಿ. ಹಾಲಸ್ವಾಮಿಗೆ ಇಪ್ಪತ್ತೈದರ ಆಸುಪಾಸು. ಹೊಸ ಬೆಲ್‌ಬಾಟಮ್ ಪ್ಯಾಂಟು, ಎಣ್ಣೆ ಹಚ್ಚಿ ಬಾಚಿದ ತಲೆ.

ಹಿಂದಿನ ದಿನ ಅಡುಗೆಮನೆಯಲ್ಲಿ ಚಿಕ್ಕಮ್ಮ ಅವ್ವನ ಕಿವಿಯಲ್ಲಿ ಹೇಳಿದ್ದು ಮಂಗಳಳಿಗೂ ಕೇಳಿಸಿತ್ತು. “ಗಂಡಿಗೆ ಒಪ್ಪಿಗೆ ಐತೆ ಕಣಕ್ಕ. ಇನ್ನು ಹೆಣ್ಣಿನ ಕಡೆಯೋರು ಹೂಂ ಅಂದ್ರೆ ಮುಗೀತು.”

ಬರುವ ಜೂನ್‌ಗೆ ಮಂಗಳಳಿಗೆ ದಾವಣಗೆರೆಯಲ್ಲಿ ಟೀಚರ್ ತರಬೇತಿಯ ಟಿ.ಸಿ.ಎಚ್. ಸೀಟು ಸಿಕ್ಕಿತ್ತು. ಅಪ್ಪ ತೀರಿಕೊಂಡ ಮೇಲೆ ಅವ್ವ ಶಾಂತಾದೇವಿ ಹೊಲಿಗೆ ಮಿಷನ್ ತುಳಿದು ಓದಿಸಿದ್ದಳು. ಈಗ ಅದೇ ಅವ್ವ ಹೂಂ ಅಂದುಬಿಟ್ಟರೆ? ತಾನು ಒಲ್ಲೆ ಅಂದರೆ ಅವ್ವನ ಮಾತು ಹೋಗುತ್ತದೆ. ಬಂದವರೇ ಬೇಡ ಅನ್ನಬೇಕು.

ಮಂಗಳ ಲಂಗ ಮೊಣಕಾಲಿಗೆ ಎತ್ತಿ ಕಟ್ಟಿ, ಹೊಳೆಯ ಬಂಡೆಯಿಂದ ಬಂಡೆಗೆ ಹಾರಿದಳು. ಸಿಳ್ಳೆ ಹಾಕಿದಳು.

“ಏ ಗಂಡುಬೀರಿ, ಇಳಿಯೇ ಕೆಳಗೆ!” ಕಸ್ತೂರಮ್ಮ ಕೂಗಿದಳು.

“ಆಡ್ಲಿ ಬಿಡ್ರಿ,” ಅಂದರು ಜಯದೇವಪ್ಪ. “ಮನಿ ತುಂಬ ಸದ್ದಿರ್ಬೇಕು.”

ಮನೆ! ಮಂಗಳ ಸಿಳ್ಳೆಯನ್ನು ಅರ್ಧಕ್ಕೇ ನಿಲ್ಲಿಸಿದಳು.

ಹೊಳೆ ಬಿಟ್ಟು ಕಾಡು ಹೊಕ್ಕರು. ಮುತ್ತುಗದ ಮರಗಳು ಎಲೆಯಿಲ್ಲದೆ ಬರೀ ಹೂವಾಗಿ ಉರಿಯುತ್ತಿದ್ದವು. ಹೆಂಗಸರು ವಚನ ಹೇಳುತ್ತ ನಡೆದರು. ಎಲ್ಲರಿಗಿಂತ ಮೇಲೆ ಅವ್ವನ ದನಿ. ಹಾಲಸ್ವಾಮಿ ಬುತ್ತಿಗಂಟು ಹೊತ್ತು ಮಂಗಳಳ ಪಕ್ಕಕ್ಕೆ ಬಂದ.

“ನಂಗೆ ರೊಟ್ಟಿ ತಟ್ಟಾಕೆ ಬರಲ್ರೀ,” ಅಂದಳು ಅವಳು, ಅವನು ಬಾಯಿ ತೆರೆಯುವ ಮೊದಲೇ.

“ನಮ್ಮ ಮನ್ಯಾಗೆ ರೊಟ್ಟಿ ತಟ್ಟೋದೇ ಮಾವ. ಒಂದು ಕಡೆ ಸೀಯ್ತಾವೆ, ಒಂದು ಕಡೆ ಹಸಿ. ಉಂಡೂ ಉಂಡೂ ಸಾಕಾಗೈತೆ.” ಅವನು ನಕ್ಕ. “ನಿಮ್ಮವ್ವ ಹೋದ ವರ್ಷ ನಮ್ಮೂರ ಮಠಕ್ಕೆ ವಚನ ಹೇಳಾಕೆ ಬಂದಿದ್ರಲ್ಲ, ಅವತ್ತಿಂದ ಮಾವಂಗೆ ಒಂದೇ ಜಪ, ಹೊನ್ನಾಳಿ ಹೊನ್ನಾಳಿ ಅಂತ.”

ಅಂದರೆ ವರ್ಷದಿಂದ ಹೊಂಚು ನಡೆದಿದೆ. ಮಂಗಳ ಹಲ್ಲು ಕಚ್ಚಿದಳು.

ಗುಡಿಯ ಮುಂದೆ ಹಿರಿಯರು ಕೈಕಾಲು ತೊಳೆದು ಲಿಂಗಪೂಜೆಗೆ ಕೂತರು. ಪೂಜೆಯಾಗದೆ ಯಾರೂ ತುತ್ತು ಮುಟ್ಟುವಂತಿಲ್ಲ. ಮಂಗಳ ಎಲ್ಲರೆದುರಿಗೇ ಗಂಟು ಬಿಚ್ಚಿ ಒಂದು ಹೋಳಿಗೆ ಮುಗಿಸಿ ಇನ್ನೊಂದಕ್ಕೆ ಕೈಹಾಕಿದಳು. ಕಸ್ತೂರಮ್ಮ ಹಣೆ ಚಚ್ಚಿಕೊಂಡಳು. ಜಯದೇವಪ್ಪ ಕಣ್ಣು ಮುಚ್ಚಿಕೊಂಡೇ ಅಂದರು, “ಹಸಿದೋರು ಉಣ್ಲಿ. ಶಿವ ಬ್ಯಾಡ ಅನ್ನಲ್ಲ.”

ಇದ್ಯಾವ ಜಾತಿಯ ಬೀಗ! ಏನು ಮಾಡಿದರೂ ಹಿಂದೆ ಸರಿಯುವವನಲ್ಲ.

ಊಟವಾದ ಮೇಲೆ ಜಯದೇವಪ್ಪ ಮತ್ತು ಅವ್ವ ಹೊಂಗೆಯ ಮರದ ಕೆಳಗೆ ಮಾತಿಗೆ ನಿಂತರು. ಮಾತುಕತೆ ಮುಗಿಸುತ್ತಿದ್ದಾರೆ. ನಡುವೆ ಅವ್ವ ನಕ್ಕಳು. ಆ ನಗೆಯನ್ನು ಮಂಗಳ ಕೇಳಿ ಎಷ್ಟು ಕಾಲವಾಗಿತ್ತೋ. ಕೈಯಲ್ಲಿದ್ದ ಮುತ್ತುಗದ ಹೂವನ್ನು ಅವಳು ಚೂರುಚೂರು ಮಾಡಿದಳು.

ಜಯದೇವಪ್ಪ ನೆಟ್ಟಗೆ ಅವಳ ಕಡೆಗೇ ಬಂದು ಎದುರಿನ ಕಲ್ಲಿನ ಮೇಲೆ ಕೂತರು.

“ನಾನು ಓದೋದು ಬಿಡಲ್ರೀ,” ಅಂದಳು ಮಂಗಳ.

“ಬಿಡು ಅಂತ ಯಾರಂದ್ರು ತಾಯಿ? ದಾವಣಗೆರೆಗೆ ಹೋಗು. ಓದು. ಟೀಚರಾಗು. ನಿನ್ನ ಮದುವಿ ಮಾತು ಇಲ್ಲಿ ಯಾರೂ ಎತ್ತಿಲ್ಲ.”

ಅವಳಿಗೆ ಉಸಿರು ಬಂತು. ಕಾಡೆಲ್ಲ ಒಮ್ಮೆಗೇ ತಂಪಾಯಿತು.

“ಮತ್ತೆ... ನೀವು ಬಂದದ್ದು?”

ಜಯದೇವಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು.

“ನಾನೂ ಹೆಂಡ್ತಿ ಕಳಕೊಂಡೋನು. ನೀನು ಓದಾಕೆ ಹೋದ್ಮೇಲೆ ನಿಮ್ಮವ್ವನೂ ಒಬ್ಬಳೇ. ‘ಹೆಣ್ಣಿನ ಕಡೆಯೋರು ಅಂದ್ರೆ ನನ್ನ ಮಗಳೊಬ್ಬಳೇ, ಅವಳು ಹೂಂ ಅಂದ್ರೆ ಮಾತ್ರ’ ಅಂದಾಳೆ ಆಕಿ. ನಿಮ್ಮವ್ವನ್ನ ನಂಗೆ ಉಡಿಕೆ ಮದುವಿ ಮಾಡಿ ಕೊಡ್ತೀಯಾ, ತಾಯಿ?”

ಹೊಂಗೆಯ ಕೆಳಗೆ ಅವ್ವ ತಲೆಯೆತ್ತಲಿಲ್ಲ. ಅಪ್ಪ ಹೋದ ಮೇಲೆ ಮಂಗಳಳಿಗೆ ಉಳಿದದ್ದು ಆ ಒಬ್ಬಳೇ.

“ಕೊಡಲ್ಲ,” ಅಂದಳು ಮಂಗಳ.