ಬೆಂಚಿನ ಮೇಲೆ ಎರಡು ಕಾರ್ಬೊರೇಟರ್

ಭಾವನನ್ನು ಮುಗಿಸಲು ಒಂದು ಲೋಟ ಪೆಟ್ರೋಲ್ ಸಾಕು ಎಂಬುದು ಮೆಕ್ಯಾನಿಕ್‌ಗೆ ಗೊತ್ತಿತ್ತು. ಬೆಂಚಿನ ಮೇಲೆ ಎರಡು ಕಾರ್ಬೊರೇಟರ್‌ಗಳಿದ್ದವು. ಎರಡೂ ಭಾವ ಓಡಿಸುತ್ತಿದ್ದ ಹಳೆಯ ಟ್ರಕ್ಕಿನ ಇಂಜಿನ್ನಿಗೆ ಕೂರುವಂಥವೇ. ಒಂದರಲ್ಲಿ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟು ಅಂಟಿಕೊಳ್ಳುತ್ತಿತ್ತು. ಏರಿನಲ್ಲಿ ಅದು ಉಕ್ಕಿ, ಕಾದ ಸೈಲೆನ್ಸರ್ ಪೈಪಿನ ಮೇಲೆ ಪೆಟ್ರೋಲ್ ಸುರಿದರೆ ಆಮೇಲೆ ದೇವರೇ ದಿಕ್ಕು. ಇನ್ನೊಂದು ಹೊಸದು, ಯಾವ ಕೊರತೆಯೂ ಇಲ್ಲದ್ದು.

ಭಾವ ಬಾಗಿಲಿಗೆ ಒರಗಿ ನಿಂತಿದ್ದ.

"ಯಾವುದೋ ಒಂದು ಹಾಕಯ್ಯಾ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಅದರ ಅರಚಾಟಕ್ಕೆ ಬೀದಿಗೆ ಬೀದಿಯೇ ಎದ್ದು ಕೂರುತ್ತೆ. ನಾಳೆ ಬೆಟ್ಟದ ರಸ್ತೇಲಿ ಬಾಡಿಗೆ ಇದೆ."

"ಅಕ್ಕ ಹೇಗಿದ್ದಾಳೆ?"

"ಅವಳಿಗೇನು ಧಾಡಿ? ತಿಂದುಂಡು ಗುಂಡುಕಲ್ಲಿನ ಹಾಗಿದ್ದಾಳೆ."

ಹೋದ ವಾರವಷ್ಟೇ ಅವನು ಅಕ್ಕನನ್ನು ನೋಡಿದ್ದ. ತುಟಿ ಒಡೆದಿತ್ತು, ಎಡಗೈ ಊದಿತ್ತು. ಬಾಗಿಲು ತಗುಲಿತು ಎಂದಳು. ಬಿಡದೆ ಕೇಳಿದ್ದಕ್ಕೆ, "ಗಾಡಿ ಸದ್ದಿಗೆ ಅವರಿಗೆ ಎಚ್ಚರ ಆಗ್ಬಿಡ್ತು" ಎಂದಷ್ಟೇ ಹೇಳಿ ಮುಖ ಮುಚ್ಚಿಕೊಂಡಳು.

ಟ್ರಕ್ಕು ಅಪ್ಪನದು. ಅಕ್ಕ, ತಮ್ಮ ಇಬ್ಬರೂ ಅದರಲ್ಲೇ ಆಡಿ, ಅದರಲ್ಲೇ ಸ್ಟೇರಿಂಗ್ ಹಿಡಿದು ಬೆಳೆದವರು. ಅಪ್ಪ ಅದನ್ನು ಮಗಳ ಹೆಸರಿಗೆ ಬರೆದು ಕಣ್ಣು ಮುಚ್ಚಿದ. ಕೀ ಭಾವನ ಜೇಬು ಸೇರಿತು. ಅಪ್ಪನ ಕಾಲದ ಇನ್ನೊಂದು ಕೀ ಮಾತ್ರ ಗ್ಯಾರೇಜಿನ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು.

ಭಾವ ಸಿಗರೇಟು ಸೇದಲು ಹೊರಗೆ ಹೋದ. ಮೆಕ್ಯಾನಿಕ್ ಎರಡೂ ಕಾರ್ಬೊರೇಟರ್‌ಗಳನ್ನು ಒಂದೊಂದು ಕೈಯಲ್ಲಿ ಹಿಡಿದ. ಅಕ್ಕನ ತುಟಿ ಕಣ್ಣಮುಂದೆ ಬಂತು. ಹಲ್ಲು ಕಚ್ಚಿ ಒಂದನ್ನು ಆರಿಸಿದ, ಇನ್ನೊಂದನ್ನು ಬಟ್ಟೆಯಲ್ಲಿ ಸುತ್ತಿ ಡ್ರಾಯರಿಗೆ ತಳ್ಳಿದ. ಬೋಲ್ಟುಗಳನ್ನು ಬಿಗಿದ. ಆಮೇಲೆ ಕ್ಯಾಬಿನ್ನಿಗೆ ಹತ್ತಿ, ಭಾವನ ಹೊಟ್ಟೆಗೆಂದು ಹಿಂದಕ್ಕೆ ತಳ್ಳಿದ್ದ ಸೀಟು ಜಾರುವ ಹಳಿಯ ತುಕ್ಕು ಬಿಡಿಸಿ ಎಣ್ಣೆ ಬಿಟ್ಟ. ಟ್ಯಾಂಕನ್ನು ಕಂಠಮಟ್ಟ ತುಂಬಿಸಿದ.

"ಏನಯ್ಯಾ, ಪೆಟ್ರೋಲ್ ಬೇರೆ ಹಾಕಿದ್ದೀಯ?" ಭಾವ ಹುಬ್ಬೇರಿಸಿದ.

"ಇರಲಿ ಬಿಡಿ ಭಾವ. ನಾಳೆಯಿಂದ ಈ ಗಾಡಿ ಚಿಂತೆ ನಿಮಗಿರಲ್ಲ."

ಸಂಜೆ ಅವನು ಅಕ್ಕನ ಮನೆಯ ಹಿಂಬಾಗಿಲಿಗೆ ಹೋಗಿ, ಅವಳ ಕೈ ಹಿಡಿದುಕೊಂಡ.

"ನಾಳೆಗೆ ಎಲ್ಲ ಮುಗಿಯುತ್ತೆ ಅಕ್ಕ. ಅಳಬೇಡ."

ಅವಳು ಅಳಲಿಲ್ಲ. ಮುಷ್ಟಿ ಬಿಗಿಮಾಡಿಕೊಂಡು ಒಳಗೆ ಹೋದಳು.

ಬೆಳಗ್ಗೆ ಗ್ಯಾರೇಜಿನ ಶಟರ್ ಎತ್ತಿದರೆ ಎದುರಿಗೆ ಭಾವ. ಬರಿಗಾಲು, ಕೆದರಿದ ತಲೆ, ಏದುಸಿರು.

"ಏನೋ ಮಾಡಿದೆ ಗಾಡಿಗೆ? ಏನು ಮಾಡಿದೆಯೋ? ಒಂದು ಸದ್ದೂ ಕೇಳಲಿಲ್ಲ!"

"ಒಳ್ಳೇ ಕಾರ್ಬೊರೇಟರ್, ಭಾವ," ಖಾಲಿ ಮೊಳೆಯ ಕಡೆ ನೋಡುತ್ತ ಮೆಕ್ಯಾನಿಕ್ ಹೇಳಿದ, "ಅಕ್ಕ ಕೀ ತಿರುಗಿಸಿದ್ದೇ ತಡ, ಸ್ಟಾರ್ಟ್ ಆಯಿತಂತೆ."